ಮೆಲ್ಲಗೆ ಹಾಡಬೇಕೆಂದವರು ಯಾರು?

ಸಿ. ಅಶ್ವಥ್ ಕಿರುಚುತ್ತಿದ್ದರಂತೆ, ವಾದ್ಯಗಳ ಗದ್ದಲದಲ್ಲಿ ಕವಿತೆ ಸತ್ತಿತಂತೆ! ಹೀಗೆ ಮೂಗು ಮುರಿಯುವವರು ಹಾಸನದಲ್ಲಷ್ಟೇ ಅಲ್ಲ, ಅವರು ಹುಟ್ಟಿದ ಚನ್ನರಾಯಪಟ್ಟಣದಲ್ಲೂ ಇದ್ದಾರೆ.

ಅವರ ಶರೀಫರ ಹಾಡುಗಳ ಕ್ಯಾಸೆಟ್ಟನ್ನು ಕೇಳಿ. ಒಂದೇ ಕಂಠ ಗದರುತ್ತದೆ, ನಗುತ್ತದೆ, ಗದ್ಗದಿಸುತ್ತದೆ. ಬೆನ್ನಿಗೆ ಇಡೀ ಮೇಳವೇ ಎದ್ದು ನಿಲ್ಲುತ್ತದೆ. ನಾಟಕವೇ ಸರಿ. ರಂಗಗೀತೆಗಳಿಗೆ ರಾಗ ಹಾಕಿದ ಮನುಷ್ಯ ಇನ್ನೇನು ಮಾಡಬೇಕಿತ್ತು? ಒಗ್ಗರಣೆಯ ಸದ್ದನ್ನು ಮೀರಿ ಕವಿತೆ ನಮ್ಮ ಅಡುಗೆಮನೆಗೆ ಬಂದದ್ದೇ ಹೀಗೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಜನ ನೆರೆದದ್ದು ಪಿಸುಮಾತು ಕೇಳಲಿಕ್ಕಲ್ಲ.

ನನ್ನ ಸಿಟ್ಟು ಬೇರೆಯೇ. ಹೊಳೆನರಸೀಪುರ, ಅರಕಲಗೂಡಿನ ಕಡೆಯ ಭಾವಗೀತೆ ಸ್ಪರ್ಧೆಗಳಲ್ಲಿ ಹುಡುಗಿಯೊಬ್ಬಳು ಇದೇ ಹಾಡನ್ನು ಎದೆ ತುಂಬಿ ಹಾಡಿದರೆ ‘ಗಂಡುಬೀರಿ’, ಬಹುಮಾನ ಮೆಲುದನಿಗೆ. ಶರೀಫರನ್ನು ನಾಚಿಕೊಂಡು ಹಾಡುವುದು ಹೇಗಮ್ಮಾ? ಹಾಗೆ ತೀರ್ಪು ಕೊಡುವವರಲ್ಲಿ ಹೆಂಗಸರೂ ಇದ್ದಾರೆ. ನನಗೆ ನುಂಗಲಾಗದ್ದು ಅದೇ.