ಗುಡಿಸಲ ಸಮೇತ ಸುಟ್ಟ ಹೆಣಗಳು

ಸಿನಿಮಾದಲ್ಲಿ ತತ್ವಶಾಸ್ತ್ರ ಉಂಟೇ ಅಂತ ನಿರ್ದೇಶಕರೂ ಪಂಡಿತರೂ ಕೂತು ಮಾತಾಡುವಾಗೆಲ್ಲ ನಮ್ಮ ನಾಡಿನಲ್ಲಿ ಮೊದಲು ಎದ್ದು ಬರುವ ಹೆಸರು 'ಸಂಸ್ಕಾರ'. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ. 1970ರಲ್ಲಿ ಬಂತು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅಗ್ರಹಾರದ ಕೊಳಕನ್ನು ಬಯಲಿಗೆಳೆದ ಚಿತ್ರ ಅದು. ಅಷ್ಟನ್ನು ನಾವು ಒಪ್ಪುತ್ತೇವೆ.

ಆದರೆ ಒಂದು ಮಾತು ಕೇಳಬೇಕು ಸ್ವಾಮಿ. ನಾರಣಪ್ಪನದು ಒಂದೇ ಹೆಣ. ಅದನ್ನು ಯಾರು ಸುಡಬೇಕು ಅಂತ ಇಡೀ ಅಗ್ರಹಾರ ಅನ್ನ ಬಿಟ್ಟು ಕೂರುತ್ತೆ. ಆಚಾರ್ಯ ಓಲೆ ಮಗುಚುತ್ತಾನೆ, ಮಾರುತಿಯ ಮುಂದೆ ಕೂರುತ್ತಾನೆ. ಇದು ಅಸ್ತಿತ್ವವಾದವಂತೆ, ಮನುಷ್ಯನ ಆಯ್ಕೆಯ ಪ್ರಶ್ನೆಯಂತೆ. ಸರಿ. ಅದೇ ಕಾದಂಬರಿಯಲ್ಲಿ, ಅದೇ ಪ್ಲೇಗಿಗೆ ಹೊಲಗೇರಿಯಲ್ಲೂ ಸತ್ತರು. ಅವರ ಹೆಣಗಳನ್ನು ಗುಡಿಸಲ ಸಮೇತ ಸುಟ್ಟರು. ಅದಕ್ಕೆ ಯಾರ ಉಪವಾಸವೂ ಇಲ್ಲ, ಯಾವ ಓಲೆಯೂ ಇಲ್ಲ. ಕೇರಿಯವರಿಗೆ ಸಾವು ಬರುತ್ತೆ, ಸಾವಿನ ಬಗ್ಗೆ ಯೋಚನೆ ಬರೋದಿಲ್ಲ ಅಂತ ತಿಳಿದಿರಾ?

1975ರ 'ಚೋಮನ ದುಡಿ'ಗೆ ಬನ್ನಿ. ಶಿವರಾಮ ಕಾರಂತರ ಕಥೆ, ಬಿ.ವಿ. ಕಾರಂತರ ಚಿತ್ರ. ಇದಕ್ಕೂ ಅದೇ ರಾಷ್ಟ್ರಪ್ರಶಸ್ತಿ. ಮನೆಯಲ್ಲಿ ಎತ್ತಿವೆ, ಉಳೋಕೆ ತುಂಡು ನೆಲ ಇಲ್ಲ. ಹೊಲೆಯ ಬೇಸಾಯ ಮಾಡಬಾರದು ಅನ್ನೋದು ಊರಿನ ಕಟ್ಟಳೆ. ಮಗ ನೀರಲ್ಲಿ ಮುಳುಗುತ್ತಾನೆ, ದಡದಲ್ಲಿ ನಿಂತವರಿಗೆ ಮೈಲಿಗೆಯ ಭಯ. ಪಾದ್ರಿಯ ಕಡೆ ಹೋದರೆ ನೆಲ ಸಿಕ್ಕೀತು, ತನ್ನ ದೈವ ಕೈಬಿಟ್ಟೀತು. ನೆಲವೋ ದೈವವೋ ಅಂತ ನಡುದಾರಿಯಲ್ಲಿ ನಿಂತು ತೂಗಿದನಲ್ಲ ಚೋಮ, ಅದು ಆಯ್ಕೆಯಲ್ಲವೇ? ಆಚಾರ್ಯ ಕಾಡಿನಲ್ಲಿ ಅಲೆದರೆ ತತ್ವ, ಚೋಮ ದಾರಿಯಲ್ಲಿ ನಿಂತರೆ 'ಸಾಮಾಜಿಕ ಸಮಸ್ಯೆ'. ಯಾವೂರಿನ ತಕ್ಕಡಿ ಇದು? (ಚೋಮನನ್ನು ಬರೆದವರೂ ತೆಗೆದವರೂ ಕೇರಿಯಾಚೆಯವರೇ. ಅದಕ್ಕೇ ಏನೋ, ಅವನು ತನ್ನ ದುಡಿಯನ್ನೇ ಬಡಿದು ಬಡಿದು ಸತ್ತ, ಬೇರೆ ಯಾರನ್ನೂ ಬಡಿಯಲಿಲ್ಲ.)

ಅವಮಾನ ಉಂಡು ಬೆಳೆದವನೇ ಕ್ಯಾಮೆರಾ ಹಿಡಿದಾಗ ಏನಾಯಿತು ನೋಡಿ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಫಂಡ್ರಿ', 2013. ಹಂದಿ ಹಿಡಿಯೋ ಮನೆಯ ಹುಡುಗ ಜಬ್ಯಾ. ಕಟ್ಟಿದ ಹಂದಿ ಹೊತ್ತು ಅವರು ಶಾಲೆಯ ಗೋಡೆ ಪಕ್ಕ ಹಾದು ಹೋಗುತ್ತಾರೆ. ಗೋಡೆಯ ಮೇಲೆ ಅಂಬೇಡ್ಕರ್, ಫುಲೆಯವರ ಚಿತ್ರಗಳು. ಒಂದು ಮಾತಿಲ್ಲ, ಭಾಷಣವಿಲ್ಲ. ಗೋಡೆಯ ಮೇಲಿನ ಸಮಾನತೆಗೂ ಹೆಗಲ ಮೇಲಿನ ಹಂದಿಗೂ ನಡುವೆ ಎಷ್ಟು ಗೇಣು ಅಂತ ನೀವೇ ಅಳೆದುಕೊಳ್ಳಬೇಕು. ಕಡೆಗೆ ಜಬ್ಯಾ ಕಲ್ಲು ಬೀಸುತ್ತಾನೆ. ಅದು ನೇರ ಕ್ಯಾಮೆರಾಕ್ಕೆ, ಅಂದರೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರ ಮುಖಕ್ಕೇ ಬರುತ್ತೆ. ಪರದೆ ಕತ್ತಲಾಗುತ್ತೆ.

ಮುಂದಿನ ಗೋಷ್ಠಿಯನ್ನು ಅಲ್ಲಿಂದ ಶುರು ಮಾಡಿ ಸ್ವಾಮಿ. ನಾವೂ ಬರುತ್ತೇವೆ.