ಕೃಪಾಂಕವೂ ಆಂತರಿಕ ಅಂಕವೂ

ಪರೀಕ್ಷೆಯಲ್ಲಿ ಒಬ್ಬನಿಗೆ ಹೆಚ್ಚಾಗಿ ಕೊಟ್ಟ ಅಂಕವು ಮತ್ತೊಬ್ಬನಿಂದ ಕಿತ್ತುಕೊಂಡದ್ದಲ್ಲವಾದುದರಿಂದ ಅದರಿಂದ ಯಾರಿಗೂ ನಷ್ಟವಿಲ್ಲವೆಂದು ವಾದಿಸುವವರು ನಮ್ಮಲ್ಲಿ ಅನೇಕರುಂಟು. ಅಂಕಪಟ್ಟಿಯು ಗೋಡೆಗೆ ತೂಗುಹಾಕುವ ಅಲಂಕಾರವಸ್ತುವಾಗಿದ್ದರೆ ಈ ವಾದವನ್ನು ಒಪ್ಪಬಹುದಾಗಿತ್ತು. ಆದರೆ ಪಿಯು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಸೀಟುಗಳು ಎಣಿಕೆಗೆ ಸಿಕ್ಕುವಷ್ಟೇ ಇದ್ದು, ಪ್ರವೇಶಪಟ್ಟಿಯು ಎಸ್ಸೆಸ್ಸೆಲ್ಸಿ ಅಂಕಗಳ ಇಳಿಕೆಯ ಕ್ರಮದಲ್ಲಿಯೇ ಸಿದ್ಧವಾಗುವಾಗ, ಒಬ್ಬನು ಮೇಲೇರಿದುದರ ಅರ್ಥವು ಇನ್ನೊಬ್ಬನು ಕೆಳಗಿಳಿದನೆಂದೇ ಆಗುತ್ತದೆ. ಆದಕಾರಣ ಹೆಚ್ಚುವರಿ ಅಂಕವೆಂಬುದು ಕೊಡುವವನ ಔದಾರ್ಯದ ವಿಷಯವಲ್ಲ, ನ್ಯಾಯದ ವಿಷಯ.

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನೆನೆಯೋಣ. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು, ವೆಬ್‌ಕಾಸ್ಟಿಂಗ್ ಮೂಲಕ ಮೇಲಧಿಕಾರಿಗಳು ಕುಳಿತಲ್ಲಿಂದಲೇ ನೋಡುವಂತೆ ಮಾಡಿದ ಆ ವರ್ಷ, ಹಿಂದಿನ ವರ್ಷ ಶೇ. 83.89 ಇದ್ದ ಉತ್ತೀರ್ಣತೆಯ ಪ್ರಮಾಣವು ಶೇ. 73.40ಕ್ಕೆ ಇಳಿಯಿತು, ಅದೂ ಅನುತ್ತೀರ್ಣರಾಗುವವರನ್ನು ದಾಟಿಸಲೆಂದು ಕೊಡುವ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. ಈ ಊರುಗೋಲಿಲ್ಲದೆ ಹೋಗಿದ್ದರೆ ಫಲಿತಾಂಶವು ಶೇ. 53ರ ಸಮೀಪದಲ್ಲಿ ನಿಲ್ಲುತ್ತಿತ್ತು. ಮುಖ್ಯಮಂತ್ರಿಗಳೇ ಅಸಮಾಧಾನವನ್ನು ವ್ಯಕ್ತಪಡಿಸಿದರು. ಮರುವರ್ಷ ಕೃಪಾಂಕವು ನಿಂತುಹೋಯಿತು.

ಆ ಕೃಪಾಂಕದ ದೋಷವು ಅದರ ಪ್ರಮಾಣದಲ್ಲಿರಲಿಲ್ಲ, ಅದು ಬಂದ ಕಾಲದಲ್ಲಿತ್ತು. ಉತ್ತರಪತ್ರಿಕೆಗಳ ಮೌಲ್ಯಮಾಪನವೆಲ್ಲ ಮುಗಿದು ಮೊತ್ತವು ಕಣ್ಣಿಗೆ ಬಿದ್ದ ಬಳಿಕ ನಿಯಮವನ್ನು ಬದಲಿಸಿದುದರಿಂದ, 2023ರಲ್ಲಿ ಹಳೆಯ ನಿಯಮದಂತೆ ಕೆಲವೇ ಅಂಕಗಳ ಕೊರತೆಯಿಂದ ಅನುತ್ತೀರ್ಣನಾದ ಹುಡುಗನಿಗಿಂತ ಕಡಿಮೆ ಅಂಕ ಪಡೆದವನೂ 2024ರಲ್ಲಿ ತೇರ್ಗಡೆಯಾಗಲು ದಾರಿಯಾಯಿತು. ಹಾಗಿದ್ದರೂ ಆ ಕೃಪಾಂಕದ ಪರವಾಗಿ ಒಂದು ಮಾತನ್ನು ಹೇಳಲೇಬೇಕು: ಅದು ಬಹಿರಂಗವಾಗಿತ್ತು. ಪ್ರಮಾಣವೆಷ್ಟೆಂದು ಎಲ್ಲರಿಗೂ ತಿಳಿದಿತ್ತು, ಪತ್ರಿಕೆಗಳು ಆಕ್ಷೇಪಿಸಿದವು, ಆಳುವವರು ಉತ್ತರ ಕೊಡಬೇಕಾಯಿತು. ನನ್ನನ್ನು ಹೆಚ್ಚಾಗಿ ಚಿಂತೆಗೀಡುಮಾಡುವುದು, ವರ್ಷಂಪ್ರತಿ ಸದ್ದಿಲ್ಲದೆ ಹಂಚಿಹೋಗುವ, ಯಾರೂ ಕೃಪೆಯೆಂದು ಕರೆಯದ ಇನ್ನೊಂದು ಕೃಪಾಂಕ.

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳು 625. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20ರಂತೆ, ಇವುಗಳಲ್ಲಿ 125 ಅಂಕಗಳು, ಅಂದರೆ ಐದರಲ್ಲೊಂದು ಪಾಲು, ಶಾಲೆಯೇ ಕೊಡುವ ಆಂತರಿಕ ಅಂಕಗಳು. ಇವುಗಳ ಮೂಲೋದ್ದೇಶವು ಸ್ತುತ್ಯವಾದುದು. ಮೂರು ಗಂಟೆಗಳ ಬರವಣಿಗೆಯಲ್ಲಿ ಕಾಣದ ಗುಣಗಳನ್ನು, ವರ್ಷವಿಡೀ ತರಗತಿಯಲ್ಲಿ ಮಗುವನ್ನು ನೋಡುವ ಮೇಷ್ಟರು ಕಿರುಪರೀಕ್ಷೆ, ಪ್ರಾಜೆಕ್ಟ್, ಚಟುವಟಿಕೆಗಳ ಮೂಲಕ ಗುರುತಿಸಲೆಂದು ಅವನ್ನು ವಿಧಿಸಿದರು. ಬಳಕೆಯಲ್ಲಿ ಆದದ್ದಾದರೂ ಏನು? ಪ್ರಾಜೆಕ್ಟುಗಳು ಸ್ಟೇಷನರಿ ಅಂಗಡಿಯಲ್ಲಿ ಚಾರ್ಟಿನ ರೂಪದಲ್ಲಿ ವಿಕ್ರಯಕ್ಕೆ ಬಂದವು. ಅನೇಕ ಶಾಲೆಗಳಲ್ಲಿ 20ಕ್ಕೆ 20 ಕೊಡುವುದು ಪದ್ಧತಿಯಾಗಿ, 17 ಕೊಟ್ಟ ಮೇಷ್ಟರನ್ನು ತಂದೆತಾಯಿಗಳು ಬಂದು ಕಾರಣ ಕೇಳುವ ಸ್ಥಿತಿಯುಂಟಾಯಿತು. ಫಲಿತಾಂಶ ಪ್ರಕಟವಾದ ದಿನವೇ ಜಿಲ್ಲೆಗಳಿಗೆ ಮೊದಲನೆಯದು, ಕೊನೆಯದು ಎಂದು ಸ್ಥಾನಗಳನ್ನು ಹಂಚಿ, ಕೆಳಗಿನ ಜಿಲ್ಲೆಯ ಅಧಿಕಾರಿಗಳಿಗೆ ನೋಟಿಸು ಕಳುಹಿಸುವ ವ್ಯವಸ್ಥೆಯಲ್ಲಿ, ಕೈಯಲ್ಲಿರುವ ಅಂಕಗಳನ್ನು ಬಿಗಿಹಿಡಿಯುವ ಧೈರ್ಯವನ್ನು ಮುಖ್ಯೋಪಾಧ್ಯಾಯರಿಂದ ನಿರೀಕ್ಷಿಸುವುದಾದರೂ ಹೇಗೆ?

ಇಲ್ಲಿಯ ಅನ್ಯಾಯವು ವಿಲಕ್ಷಣವಾದುದು. ಉದಾರಿಯಾದ ಮೇಷ್ಟರ ಔದಾರ್ಯಕ್ಕೆ ದಂಡ ತೆರುವವರು ಪ್ರಾಮಾಣಿಕ ಮೇಷ್ಟರ ಶಿಷ್ಯರು. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನದ ಮೇಷ್ಟರು, ಪ್ರಯೋಗವನ್ನು ಕೈಯಾರೆ ಮಾಡಿಸಿ, ತಪ್ಪಿಗೆ ತಪ್ಪೆಂದು ಬರೆದು, ತಮ್ಮ ಅತ್ಯುತ್ತಮ ವಿದ್ಯಾರ್ಥಿನಿಗೆ 18 ಕೊಟ್ಟರೆನ್ನಿ. ಆ ಹುಡುಗಿ ಉಳಿದೆಲ್ಲ ಪತ್ರಿಕೆಗಳಲ್ಲಿ ಒಂದು ಅಂಕವನ್ನೂ ಕಳೆದುಕೊಳ್ಳದಿದ್ದರೂ 623ಕ್ಕೇ ನಿಲ್ಲುವಳು. 2022ರಲ್ಲಿ 625ಕ್ಕೆ 625 ಪಡೆದವರು 145 ಮಂದಿ, 2024ರಲ್ಲಿ ಒಬ್ಬಳೇ. ಎರಡು ವರ್ಷಗಳ ಪ್ರಶ್ನೆಪತ್ರಿಕೆಗಳೂ ಕಾವಲೂ ಬೇರೆಬೇರೆಯಾಗಿದ್ದುವಾದರೂ, ಆ ಶಿಖರವನ್ನೇರಿದ ಪ್ರತಿಯೊಬ್ಬರಿಗೂ ಶಾಲೆಯು 125ಕ್ಕೆ 125 ಕೊಟ್ಟಿರಲೇಬೇಕೆಂಬುದಂತೂ ನಿಶ್ಚಯ. ಅವರ ಯೋಗ್ಯತೆಯನ್ನು ನಾನು ಶಂಕಿಸುತ್ತಿಲ್ಲ. ಒಬ್ಬ ಮೇಷ್ಟರ ಶಿಸ್ತಿನಿಂದಾಗಿ ಅಲ್ಲಿಗೆ ತಲುಪದವರ ವಿಷಯದಲ್ಲಿ ಮಾತ್ರ ನನಗೆ ಮರುಕವಿದೆ.

ಹೀಗೆ ಉಬ್ಬಿದ ಅಂಕಗಳಿಗೆ ಕೊನೆಗೊಂದು ದಿನ ಯಾರಾದರೂ ಕತ್ತರಿ ಹಾಕಬೇಕಾಗುತ್ತದೆ. 2021ರಲ್ಲಿ ಕೋವಿಡ್ಡಿನ ನಿಮಿತ್ತ ಲಿಖಿತ ಪರೀಕ್ಷೆಯಿಲ್ಲದೆಯೇ ದ್ವಿತೀಯ ಪಿಯು ಅಂಕಗಳನ್ನು ಪಡೆದವರಲ್ಲಿ ಸುಮಾರು 24 ಸಾವಿರ ಮಂದಿ ಮರುವರ್ಷ ಮತ್ತೆ ವೃತ್ತಿಶಿಕ್ಷಣದ ಪ್ರವೇಶಪರೀಕ್ಷೆಯಾದ ಸಿಇಟಿ ಬರೆದಾಗ, ಅವರ ಪಿಯು ಅಂಕಗಳನ್ನು ಗಣನೆಗೆ ತೆಗೆದುಕೊಳ್ಳಲು ಪರೀಕ್ಷಾ ಪ್ರಾಧಿಕಾರವು ಒಪ್ಪಲಿಲ್ಲ. ವ್ಯಾಜ್ಯವು ಹೈಕೋರ್ಟಿನ ಮೆಟ್ಟಿಲೇರಿ, ಕಟ್ಟಕಡೆಗೆ ಪ್ರತಿ 100ಕ್ಕೆ ಸರಾಸರಿ 6 ಅಂಕಗಳನ್ನು ಕಳೆದು ಲೆಕ್ಕಹಾಕುವ ಸೂತ್ರದಲ್ಲಿ ಮುಗಿಯಿತು. ನಿಜವಾಗಿ ಓದಿದವನಿಗೂ ಅದೇ 6, ಓದದವನಿಗೂ ಅದೇ 6. ಅನ್ಯ ಮಾರ್ಗವಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಇದನ್ನು ಸಮಾನತೆಯೆಂದು ಮಾತ್ರ ಕರೆಯಲಾರೆ.

ಅಂಕಗಳಿಗೆ ಮಿತಿ ಹಾಕಬೇಕೆನ್ನುವವರು ಇನ್ನೊಂದು ಕಡೆಯಿಂದಲೂ ಬರುತ್ತಾರೆ. ಈಗ ಎಸ್ಸೆಸ್ಸೆಲ್ಸಿ ಪರೀಕ್ಷಾ ಮಂಡಳಿಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸಿ, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನು ಉಳಿಸಿಕೊಳ್ಳುವ ಅವಕಾಶವನ್ನು ಕೊಟ್ಟಿದೆಯಷ್ಟೆ. ಎರಡನೆಯ ಸಲ ಬರೆದವನ ಅಂಕಕ್ಕೆ ಒಂದು ಗರಿಷ್ಠ ಮಿತಿಯಿರಲಿ, ಮೊದಲ ಸಲವೇ ಗಳಿಸಿದವನಿಗೂ ಅವನಿಗೂ ವ್ಯತ್ಯಾಸ ಬೇಡವೇ ಎಂಬುದು ಇವರ ಆಕ್ಷೇಪ. ಇದನ್ನು ನಾನು ಒಪ್ಪಲಾರೆ. ಜ್ವರದಿಂದಲೋ ಸುಗ್ಗಿಯ ಕೆಲಸದಿಂದಲೋ ಮಾರ್ಚಿನಲ್ಲಿ ಹಿಂದುಳಿದ ಹುಡುಗನು ಜೂನಿನಲ್ಲಿ ಅದೇ ಗಣಿತವನ್ನು ಬಲ್ಲನಾದರೆ, ಅವನು ಬಲ್ಲನೆಂದೇ ಅಂಕಪಟ್ಟಿಯು ಹೇಳತಕ್ಕದ್ದು. ಯಾವ ತಿಂಗಳಲ್ಲಿ ಬಲ್ಲನೆಂಬುದು ಅದಕ್ಕೆ ಬೇಡದ ಚರ್ಚೆ. ಸಿಬಿಎಸ್‌ಇಯ ಸುಧಾರಣಾ ಪರೀಕ್ಷೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ, ಎರಡು ಸಲದ ಅಂಕಗಳಲ್ಲಿ ಮೇಲಿನದನ್ನೇ ಪರಿಗಣಿಸಬೇಕೆಂದು ಹೇಳಿದ್ದು ಉಚಿತವಾಗಿಯೇ ಇತ್ತು.

ಮಿತಿ ಬೇಕಾದದ್ದು ಮಗುವಿಗಲ್ಲ, ಶಾಲೆಗೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಲ್ಲಿ ಪ್ರೌಢಶಿಕ್ಷಣದ ಅಂತಿಮ ಪರೀಕ್ಷೆಗೆ ಶಾಲೆಯು ಕೊಟ್ಟ ಆಂತರಿಕ ಅಂಕಗಳನ್ನು, ಅದೇ ಶಾಲೆಯ ವಿದ್ಯಾರ್ಥಿಗಳು ಸಾರ್ವತ್ರಿಕ ಪರೀಕ್ಷೆಯಲ್ಲಿ ಗಳಿಸಿದ ಅಂಕಗಳ ಮಟ್ಟಕ್ಕೆ ಸರಿಹೊಂದಿಸುವ ಕ್ರಮವಿದೆ. ಅಲ್ಲಿ ಮೇಷ್ಟರು ಎಲ್ಲರಿಗೂ ಪೂರ್ಣಾಂಕ ಕೊಟ್ಟರೂ ಪ್ರಯೋಜನವಿಲ್ಲ. ಬಿಗಿಹಿಡಿದರೆ ಶಿಷ್ಯರಿಗೆ ಹಾನಿಯೂ ಇಲ್ಲ. ತರಗತಿಯೊಳಗೆ ಯಾರು ಯಾರಿಗಿಂತ ಮುಂದಿದ್ದಾರೆಂಬ ಅವರ ನಿರ್ಣಯವು ಮಾತ್ರ ಉಳಿಯುತ್ತದೆ, ಅದೇ ಅವರು ಬಲ್ಲ ಸಂಗತಿಯೂ ಹೌದು.

ನಮ್ಮಲ್ಲಿ ಇಂಥ ಮಿತಿಯ ಅಗತ್ಯವು ಹಿಂದೆಂದಿಗಿಂತಲೂ ಹೆಚ್ಚಾಗಿದೆ. 2025–26ನೆಯ ಸಾಲಿನಿಂದ ಉತ್ತೀರ್ಣತೆಗೆ 625ರಲ್ಲಿ 206 ಅಂಕಗಳಿದ್ದರೆ ಸಾಕೆಂದೂ, ಆಂತರಿಕ ಅಂಕಗಳೂ ಸೇರಿ ಪ್ರತಿ ವಿಷಯದಲ್ಲಿ ಶೇ. 30 ಇರತಕ್ಕದ್ದೆಂದೂ ಸರ್ಕಾರವು ನಿರ್ಧರಿಸಿದೆ. ಶಾಲೆಯಿಂದ 20ಕ್ಕೆ 20 ಪಡೆದು ಬಂದವನು ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 10 ಗಳಿಸಿದರೂ ಆ ವಿಷಯದ ಗಡಿಯನ್ನು ದಾಟುವನು. ಕನಿಷ್ಠ ಅಂಕವನ್ನು ಇಳಿಸುವುದು ತಪ್ಪೆಂದು ನನ್ನ ವಾದವಲ್ಲ. ಮುಂಚಿತವಾಗಿ ಸಾರಿ, ಎಲ್ಲರಿಗೂ ಒಂದೇ ಬಗೆಯಾಗಿ ಇಳಿಸಿದ ಗಡಿಯು 2024ರ ಕೃಪಾಂಕಕ್ಕಿಂತ ಎಷ್ಟೋ ಮೇಲು. ಆದರೆ ಗಡಿಯ ಮೂರರಲ್ಲೆರಡು ಪಾಲನ್ನು ಪರಿಶೀಲನೆಯಿಲ್ಲದ ಅಂಕಗಳಿಂದಲೇ ದಾಟಬಹುದಾಗಿರುವಾಗ, ಮೊದಲ ಹೆಜ್ಜೆಯಾಗಿ ಮಂಡಳಿಯು ಪ್ರತಿ ಶಾಲೆಯ ಆಂತರಿಕ ಸರಾಸರಿಯನ್ನೂ ಲಿಖಿತ ಸರಾಸರಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಫಲಿತಾಂಶದೊಡನೆಯೇ ಸಾರ್ವಜನಿಕರ ಮುಂದಿಡಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ; ಅಂಕಿಗಳೆಲ್ಲವೂ ಮಂಡಳಿಯ ಕಂಪ್ಯೂಟರಿನಲ್ಲಿ ಈಗಲೇ ಇವೆ.