ಒಂದೇ ಬಣ್ಣದ ಸಂಸಾರ

ಮದುವೆಗೆ ಮುನ್ನ ವಧೂವರರೂ, ಮದುವೆಯಾಗಿ ಮಕ್ಕಳಾದ ಮೇಲೆ ಇಡೀ ಸಂಸಾರವೂ ಛಾಯಾಗ್ರಾಹಕನನ್ನು ಕರೆದುಕೊಂಡು ಕಬ್ಬನ್ ಉದ್ಯಾನಕ್ಕೋ, ಹಂಪೆಯ ಬಂಡೆಗಳ ನಡುವಿಗೋ, ಸಕಲೇಶಪುರದ ಕಾಫಿತೋಟಗಳಿಗೋ ತೆರಳಿ ಚಿತ್ರ ತೆಗೆಸಿಕೊಂಡು ಬರುವ ಪದ್ಧತಿಯು, ನಮ್ಮ ಮಧ್ಯಮವರ್ಗದ ಷೋಡಶ ಸಂಸ್ಕಾರಗಳಿಗೆ ಹದಿನೇಳನೆಯದಾಗಿ ಸೇರಿಕೊಂಡಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಈ ಪದ್ಧತಿಯ ಬಗೆಗೆ ನನಗೆ ಆಕ್ಷೇಪವಿಲ್ಲ. ತಮ್ಮ ರೂಪವನ್ನು ಮುಂದಿನವರಿಗಾಗಿ ಉಳಿಸಿಹೋಗುವ ಆಸೆ ಅರಸುಮನೆತನಗಳಿಗೆ ಮಾತ್ರ ಮೀಸಲಾಗಿರಬೇಕೆಂದು ಯಾರು ಹೇಳಿಯಾರು? ಆಕ್ಷೇಪವಿರುವುದು ಆ ದಿನಕ್ಕಾಗಿ ಹೊರಡುವ ವಸ್ತ್ರಾಜ್ಞೆಯ ಮೇಲೆ. ತಾತ, ಅಜ್ಜಿ, ಮಗ, ಸೊಸೆ, ಇನ್ನೂ ಹಲ್ಲು ಮೂಡದ ಕೂಸು, ಎಲ್ಲರೂ ಒಂದೇ ತಿಳಿಗುಲಾಬಿಯನ್ನೋ ಕೆನೆಬಣ್ಣವನ್ನೋ ತೊಟ್ಟು ಬ್ಯಾಂಡ್‌ಸೆಟ್ಟಿನವರಂತೆ ಸಾಲುಗಟ್ಟಿ ನಿಲ್ಲತಕ್ಕದ್ದೆಂಬ ಈ ಕಟ್ಟಳೆಯಿಂದ ಚಿತ್ರಕ್ಕೆ ಒಂದು ಬಗೆಯ ಅಚ್ಚುಕಟ್ಟು ಬರುವುದೇನೋ ನಿಜ. ಆದರೆ ಅಲ್ಲಿ ನಿಂತವರು ಯಾರೆಂಬುದು ಮಾತ್ರ ತಿಳಿಯದೆ ಹೋಗುತ್ತದೆ.

ನಮ್ಮ ಮನೆಗಳ ಗೋಡೆಯ ಮೇಲೆ ಇನ್ನೂ ಉಳಿದಿರುವ ಹಳೆಯ ಸ್ಟುಡಿಯೋ ಚಿತ್ರಗಳನ್ನು ಇದರ ಜತೆಗಿಟ್ಟು ನೋಡಬೇಕು. ಬಣ್ಣದ ವಿಷಯದಲ್ಲಿ ಆ ಚಿತ್ರಗಳು ಕಡು ಬಡವು. ಆಗಿನ ಗಾಜಿನ ಫಲಕಗಳು ಕೆಂಪಿಗೆ ಬಹುಮಟ್ಟಿಗೆ ಕುರುಡಾಗಿದ್ದು, ನೀಲಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಕಣ್ತೆರೆಯುತ್ತಿದ್ದುವಾದ್ದರಿಂದ, ಮುತ್ತೈದೆಯ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಪ್ಪಾಗಿಯೂ, ನೀಲಿಯ ಸೀರೆ ಮಾಸಿದ ಬಿಳುಪಾಗಿಯೂ ಕಾಣಿಸಿಕೊಳ್ಳುತ್ತಿದ್ದುವು. ಎಲ್ಲ ವರ್ಣಗಳನ್ನೂ ಗ್ರಹಿಸಬಲ್ಲ ಫಲಕಗಳು 1906ರಲ್ಲಿಯೇ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದರೂ ಹಳೆಯ ಬಗೆಯವು ಅನಂತರವೂ ಬಹುಕಾಲ ನಡೆದುವು. ಇಷ್ಟಾದರೂ ಆ ಚಿತ್ರದಲ್ಲಿ ಕಚ್ಚೆಪಂಚೆಯ ಮೇಲೆ ಮುಚ್ಚುಗೊರಳ ಕೋಟು ತೊಟ್ಟು ಜರಿಪೇಟ ಸುತ್ತಿ ಕುಳಿತವರ ಊರು, ವೃತ್ತಿ, ವಯಸ್ಸುಗಳನ್ನು ಒಂದು ನೋಟಕ್ಕೆ ಊಹಿಸಬಹುದು. ಸ್ಟುಡಿಯೋದವರೇ ಗಿರಾಕಿಗಳಿಗೆಂದು ಗೂಟಕ್ಕೆ ನೇತುಹಾಕಿರುತ್ತಿದ್ದ ಕೋಟನ್ನು ಎರವಲು ತೊಟ್ಟವರೂ ಅವರಲ್ಲಿ ಉಂಟು. ಆದರೆ ಆ ಕೋಟು ಹೆಗಲಿಗೆ ಒಗ್ಗದೆ ಜೋಲುವ ರೀತಿಯೇ ಅದನ್ನು ತೊಟ್ಟವನ ಸಂಕೋಚವನ್ನೂ ಹಂಬಲವನ್ನೂ ನಮಗೆ ತಿಳಿಸಿಬಿಡುತ್ತದೆ. ಬಣ್ಣವಿಲ್ಲದ ಚಿತ್ರ ಇಷ್ಟೆಲ್ಲ ಹೇಳುವಾಗ, ಕೋಟ್ಯಂತರ ವರ್ಣಚ್ಛಾಯೆಗಳನ್ನು ಹಿಡಿಯಬಲ್ಲ ಯಂತ್ರದ ಮುಂದೆ ನಾವು ಒಂದೇ ಬಣ್ಣದ ಮರೆಯಲ್ಲಿ ನಿಲ್ಲುವುದು ವಿಚಿತ್ರವಲ್ಲವೆ?

ಕೊರಳಿಗೆ ಒಡ್ಯಾಣವನ್ನೂ ನಡುವಿಗೆ ಹಾರವನ್ನೂ ಧರಿಸಿದವರು ನಗೆಗೀಡಾಗುವರೆಂದು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಔಚಿತ್ಯವನ್ನು ಕುರಿತು ಹೇಳಿದ್ದಾನೆ. ಹಂಪೆಯ ಬಿಸಿಲಿನಲ್ಲಿ, ನೆಲವನ್ನು ಗುಡಿಸುತ್ತ ಹಿಂಬಾಲಿಸುವ ಉದ್ದ ಸೆರಗಿನ ಬಾಡಿಗೆಯ ಗೌನು ತೊಟ್ಟು ನಿಂತ ಮದುವಣಗಿತ್ತಿಯನ್ನು ಅವನು ಕಂಡಿದ್ದರೆ ಇನ್ನೊಂದು ಉದಾಹರಣೆ ಅನಾಯಾಸವಾಗಿ ದೊರಕುತ್ತಿತ್ತು.

ಹಾಗಾದರೆ ಉಡುವುದೇನು? ಮನೆಯ ಹಿರಿಯರಿಂದ ತೊಡಗುವುದು ಲೇಸೆಂದು ನನ್ನ ಮತ. ಅಜ್ಜಿ ಹಬ್ಬಹುಣ್ಣಿಮೆಗಳಲ್ಲಿ ತಾನಾಗಿಯೇ ಪೆಟ್ಟಿಗೆಯಿಂದ ತೆಗೆದುಡುವ ಸೀರೆ ಯಾವುದೋ ಅದನ್ನು ಮೊದಲು ನಿಶ್ಚಯಿಸಿ, ಉಳಿದವರ ಬಣ್ಣಗಳನ್ನು ಅದರಿಂದ ಆಯ್ದುಕೊಳ್ಳಬೇಕು. ಅದು ಇಳಕಲ್ ಸೀರೆಯಾಗಿದ್ದರೆ, ನೀಲಿಯ ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ಕೆಂಪು ಬಿಳುಪಿನ ರೇಷ್ಮೆಯ ಸೆರಗೇ ಮೂರು ಬಣ್ಣಗಳನ್ನು ಮುಂದಿಡುತ್ತದೆ: ಮಗನಿಗೆ ಬಿಳಿಯ ಅಂಗಿ, ಮೊಮ್ಮಗನಿಗೆ ಮಸುಕುಗೆಂಪಿನ ಜುಬ್ಬ, ಸೊಸೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಬಣ್ಣಗಳಿಗೆ ಪರಸ್ಪರ ನೆಂಟಸ್ತಿಕೆಯಿದ್ದರೆ ಸಾಕು, ಅವಳಿಜವಳಿಗಳಾಗಬೇಕಿಲ್ಲ. ಕೊಡಗಿನವರ ಮನೆಗಾದರೆ ಈ ಚಿಂತೆಯೇ ಇಲ್ಲ. ಕಪ್ಪು ಕುಪ್ಯದ ನಡುವಿಗೆ ಬಿಗಿದ ಕೆಂಪು ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ಹಿಂದಕ್ಕೆ ನಿರಿಗೆ ಹಿಡಿದುಟ್ಟ ಸೀರೆ ಇವುಗಳನ್ನು ಮೀರಿಸುವ ವಿನ್ಯಾಸವನ್ನು ಯಾವ ಬಾಡಿಗೆಯ ಅಂಗಡಿಯೂ ಒದಗಿಸಲಾರದು.

ಬೆಳಕಿನ ಶಾಸ್ತ್ರಕ್ಕೂ ಸ್ವಲ್ಪ ಗೌರವ ಸಲ್ಲಬೇಕು. ಅತಿ ಸಣ್ಣ ಚೌಕುಳಿಯ ಅಂಗಿ ಕಣ್ಣಿಗೆ ಎಷ್ಟೇ ಸೊಗಸಾಗಿದ್ದರೂ, ಆ ಎಳೆಗಳ ಅಂತರವೂ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಬಿಂದುಗಳ ಅಂತರವೂ ಒಂದಕ್ಕೊಂದು ತಾಕಲಾಡಿ, ಬಟ್ಟೆಯ ಮೇಲೆ ಇಲ್ಲದ ಅಲೆಗಳು ಚಿತ್ರದಲ್ಲಿ ಎದ್ದು ಕುಳಿತಾವು. ಅಚ್ಚ ಕೆಂಪು ತೀವ್ರವಾದ ಬಿಸಿಲಿನಲ್ಲಿ ನೇಯ್ಗೆಯ ವಿವರವನ್ನೆಲ್ಲ ನುಂಗಿ ಒಂದೇ ಮುದ್ದೆಯಾಗುವುದುಂಟು. ಹಸಿರು ಹುಲ್ಲಿನ ಮೇಲೆ ಕುಳಿತರೆ ಹುಲ್ಲಿನ ಹಸಿರೇ ಗಲ್ಲದ ಕೆಳಗೆ ಪ್ರತಿಫಲಿಸಿ ಸ್ವಸ್ಥರಾದವರೂ ರೋಗಿಷ್ಠರಂತೆ ಕಾಣುವರು. ಮಲೆನಾಡಿನ ತೋಟಕ್ಕೆ ಹಸಿರನ್ನೇ ಉಟ್ಟು ಹೋದವರಂತೂ ಮುಖ ಮಾತ್ರ ಉಳಿದು ಮೈ ಮಾಯವಾದವರಾಗುವರು. 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಯ ಕ್ರೇಪ್ ರೇಷ್ಮೆ ಈ ದೃಷ್ಟಿಯಿಂದ ಛಾಯಾಚಿತ್ರಕ್ಕೆಂದೇ ಹುಟ್ಟಿದಂತಿದೆ: ಬಿಗಿಯಾಗಿ ಹುರಿಮಾಡಿದ ನೂಲಿನಿಂದ ನೇಯ್ದ ಅದರ ಒಡಲು ಬೆಳಕನ್ನು ಕಣ್ಣಿಗೆ ಎರಚದೆ ಮೃದುವಾಗಿ ಹೊಮ್ಮಿಸುತ್ತದೆ, ಬರಿದಾದ ಒಡಲು ಮುಖದೊಡನೆ ಸ್ಪರ್ಧಿಸುವುದಿಲ್ಲ, ಜರಿ ತನ್ನ ಅಂಚಿನಲ್ಲಿ ತಾನಿರುತ್ತದೆ. ಮೈತುಂಬ ಜರಿಯಿರುವ ಸೀರೆಯನ್ನುಟ್ಟವರು ಎದುರಿನ ಫ್ಲ್ಯಾಶ್ ದೀಪವನ್ನು ಒಲ್ಲೆನೆನ್ನುವುದು ಕ್ಷೇಮ.

ಉಳಿದದ್ದು ಗಂಡಸರ ಮಾತು. ಇಸ್ತ್ರಿ ಮಾಡಿದ ಅಂಗಿ, ಜೇಬಿನಿಂದ ಹೊರತೆಗೆದಿಟ್ಟ ಮೊಬೈಲು, ಇಷ್ಟರಲ್ಲಿ ಅದು ಮುಗಿಯಿತು. ಕೂಸಿಗೆ ಮಾತ್ರ ಗರಿಗರಿಯಾದ ಹೊಸ ಬಟ್ಟೆ ಬೇಡ, ನಾಲ್ಕು ಸಲ ಒಗೆದು ಮೆತ್ತಗಾದ ಅಂಗಿಯೇ ಇರಲಿ. ಕೊರಳಪಟ್ಟಿ ಚುಚ್ಚಿ ಅದೊಮ್ಮೆ ರಾಗವೆತ್ತಿತೆಂದರೆ, ಉಳಿದವರು ಏನನ್ನುಟ್ಟಿದ್ದಾರೆಂದು ನೋಡುವ ವ್ಯವಧಾನ ಛಾಯಾಗ್ರಾಹಕನಿಗೂ ಉಳಿಯುವುದಿಲ್ಲ.